ಮಗನಿಗಾ ಅಕ್ಕ?

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯ ಹುಡುಗ ಕೇಳಿದ್ದು ಇಷ್ಟೇ. "ಮಗನಿಗಾ ಅಕ್ಕ?" ಸೋಮವಾರದ ಮಾತು. ವಾರ ಮುಗಿಯುತ್ತಾ ಬಂತು, ಇನ್ನೂ ಕಿವಿಯಲ್ಲೇ ಉಂಟು.

ನಾನು ಕೇಳಿದ್ದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಹಿಡಿದು ಆಡುವ ಗೇಮ್ ಕಂಟ್ರೋಲರ್, ಎರಡು ಸಾವಿರದ ಒಳಗೆ. ನನಗೆ ಮಗ ಇಲ್ಲ. ಇರುವುದು ಒಬ್ಬಳೇ ಮಗಳು, ಮಂಗಳೂರಿನಲ್ಲಿ ಹಾಸ್ಟೆಲ್. ಆಟದ ಕಡೆಗೆ ತಲೆ ಹಾಕುವ ಪೈಕಿ ಅಲ್ಲ ಅವಳು. "ನನಗೇ" ಎಂದೆ. ಹುಡುಗ ಶೆಲ್ಫಿನಿಂದ ಅರ್ಧ ಎಳೆದ ಪ್ಯಾಕೆಟನ್ನು ಹಾಗೇ ಹಿಡಿದು ನಿಂತ. ಪಕ್ಕದಲ್ಲಿ ಮೊಬೈಲಿಗೆ ಗ್ಲಾಸ್ ಹಾಕಿಸುತ್ತಿದ್ದ ಒಬ್ಬರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆಂತ ಅಲ್ಲಿ? ತಮ್ಮ ಗ್ಲಾಸ್ ನೆಟ್ಟಗೆ ಕೂತಿತಾ ನೋಡಿಕೊಳ್ಳುವುದು ಬಿಟ್ಟು.

ಲ್ಯಾಪ್‌ಟಾಪ್ ಮಗಳದ್ದೇ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ತೆಗೆದದ್ದು. ಅವಳು ಹೊಸದು ಕೊಡಿಸಿಕೊಂಡು ಹೋದಳು, ಇದು ಮನೆಯಲ್ಲಿ ಉಳಿಯಿತು. ಅದರಲ್ಲಿ ನಾನು ಓಡಿಸುವುದು ಲಾರಿ. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟ, ಪ್ರಾಗ್‌ನ ಕಂಪೆನಿಯೊಂದು 2012ರಲ್ಲಿ ಬಿಟ್ಟದ್ದು. ಹಳೆಯದಾದ್ದರಿಂದ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಈ ಲ್ಯಾಪ್‌ಟಾಪಲ್ಲೂ ಸೆಟ್ಟಿಂಗ್ ಇಳಿಸಿದರೆ ಓಡುತ್ತದೆ. ಗುಂಡು ಹಾರಿಸಲಿಕ್ಕಿಲ್ಲ, ಯಾರನ್ನೂ ಕೊಲ್ಲಲಿಕ್ಕಿಲ್ಲ. ಲೋಡು ಹಾಕಿಸಿಕೊಳ್ಳುವುದು, ಊರಿಂದ ಊರಿಗೆ ಮುಟ್ಟಿಸುವುದು, ಬಾಡಿಗೆ ತೆಗೆದುಕೊಳ್ಳುವುದು. ಇಡೀ ದಿನ ಸೊಸೈಟಿಯಲ್ಲಿ ಕೂತು ಊರವರ ಸಾಲದ ಕಂತು ನೋಡಿ ಬಂದವಳಿಗೆ ರಾತ್ರಿ ಹೀಗೆ ಉದ್ದದ ರಸ್ತೆಯಲ್ಲಿ ಹೋಗುತ್ತಾ ಇರುವುದು ಎಷ್ಟು ಹಿತ ಅಂತ ಹೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ. ಹೊಂಡ ಇಲ್ಲದ ರಸ್ತೆ ಬೇರೆ. ಬದಿಯಡ್ಕದಿಂದ ಚೆರ್ಕಳದ ಮೇಲೆ ದಿನಾ ಬಸ್ಸಿನಲ್ಲಿ ಹೋಗಿ ಬರುವವರಿಗೆ ಸ್ವಲ್ಪ ಅರ್ಥ ಆದೀತು.

ತೊಂದರೆ ಕೀಬೋರ್ಡಿನದ್ದು. ಕೀ ಒತ್ತಿದರೆ ಒತ್ತಿತು, ಬಿಟ್ಟರೆ ಬಿಟ್ಟಿತು, ನಡುವೆ ಏನೂ ಇಲ್ಲ. ಸ್ಟೇರಿಂಗ್ ಒಂಚೂರು ಎಡಕ್ಕೆ ಎಳೆದು ಅಷ್ಟಕ್ಕೇ ಹಿಡಿದುಕೊಳ್ಳೋಣ ಅಂದರೆ ಆಗುವುದಿಲ್ಲ. ತಟ್ಟಿ ತಟ್ಟಿ ಬಿಡಬೇಕು. ಲಾರಿ ಕುಡಿದವನ ಹಾಗೆ ಹೋಗುತ್ತದೆ. ಕಂಟ್ರೋಲರಿನ ಮೇಲೆ ಹೆಬ್ಬೆರಳಲ್ಲಿ ಬಾಗಿಸುವ ಸ್ಟಿಕ್ಕಾದರೆ ನೀವು ಎಷ್ಟು ಬಾಗಿಸುತ್ತೀರೋ ಅಷ್ಟೇ ತಿರುಗುತ್ತದೆ. ಹಿಂದಿನ ಟ್ರಿಗರ್ ಎಷ್ಟು ಒತ್ತುತ್ತೀರೋ ಅಷ್ಟೇ ಆಕ್ಸಿಲರೇಟರ್.

ಇದನ್ನು ಮನೆಯಲ್ಲಿ ಹೇಳಿದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಕೀಬೋರ್ಡ್ ಉಂಟಲ್ಲ, ಮತ್ತೆಂತಕ್ಕೆ?" ಎಂದರು. ಬೆಂಗಳೂರಿನ ತಮ್ಮನಿಗೆ ಫೋನ್ ಮಾಡಿದರೆ, "ತಗೊಳ್ಳೋದಾದ್ರೆ ಎಕ್ಸ್‌ಬಾಕ್ಸ್ ಒರಿಜಿನಲ್ ತಗೋ ಅಕ್ಕ, ಚೀಪ್ ತಗೊಂಡು ಕೈ ಸುಟ್ಕೋಬೇಡ" ಎಂದ. ಅದು ಮೈಕ್ರೋಸಾಫ್ಟಿನವರ ಗೇಮ್ ಯಂತ್ರದ ಕಂಟ್ರೋಲರ್, ಐದು ಸಾವಿರದ ಮೇಲೆ. ಅವನು ಒಳ್ಳೆಯವನೇ. ಆದರೆ ಬೆಟ್ಟ ಹತ್ತುವ ಶೂ ತಂದು ಮೂರನೇ ಮಹಡಿಗೆ ಲಿಫ್ಟಲ್ಲಿ ಹೋಗುವ ಜಾತಿ. ಯಾವ ಆಟ ಆಡ್ತೀ ಅಂತ ಇಬ್ಬರೂ ಕೇಳಲಿಲ್ಲ.

ಕೇಳಿದವನು ಅಂಗಡಿಯ ಆ ಹುಡುಗನೇ. ಪ್ಯಾಕೆಟನ್ನು ವಾಪಸ್ ಶೆಲ್ಫಿಗೆ ತಳ್ಳಿದ. "ಯಾವ ಗೇಮ್ ಅಕ್ಕ?" ಎಂದ. ಲಾರಿ ಎಂದೆ. "ಹಾಗಾದ್ರೆ ಇದು ಬೇಡ. ಇದರ ಟ್ರಿಗರ್ ಸುಮ್ನೆ ಬಟನ್, ಒತ್ತಿದ್ರೆ ಫುಲ್ ಸ್ಪೀಡ್." ಮೊದಲು ತೆಗೆಯಲು ಹೊರಟದ್ದು ಸುತ್ತ ಬಣ್ಣದ ಲೈಟ್ ಮಿನುಗುವ ಕಂಟ್ರೋಲರ್. ಮಗನಿಗೆ ಎಂದಿದ್ದರೆ ಅದನ್ನೇ ಕೊಡುತ್ತಿದ್ದ. ಕೇಳಿದ್ದಕ್ಕೆ, "ಮಕ್ಕಳು ಲೈಟ್ ನೋಡ್ತಾರೆ, ಅಪ್ಪ ಅಮ್ಮ ರೇಟ್ ನೋಡ್ತಾರೆ" ಎಂದು ನಕ್ಕ. ಅಂದರೆ ಆ ಪ್ರಶ್ನೆ ಅವನ ಮಟ್ಟಿಗೆ ಯಾವ ಶೆಲ್ಫಿಗೆ ಕೈ ಹಾಕಬೇಕು ಎಂಬ ಲೆಕ್ಕ. ಬೈಯಲಿಕ್ಕೆ ಮನಸ್ಸು ಬರಲಿಲ್ಲ. ಆದರೂ ಆ ಅರ್ಧ ಎಳೆದ ಪ್ಯಾಕೆಟ್ ಕಣ್ಣಿನಿಂದ ಹೋಗುವುದಿಲ್ಲ.

ಮೂರು ಕಂಟ್ರೋಲರ್ ಬಿಚ್ಚಿ ಮೇಜಿನ ಮೇಲಿಟ್ಟ. ರೆಡ್‌ಗಿಯರ್, ಕಾಸ್ಮಿಕ್ ಬೈಟ್, ಆಂಟ್ ಈಸ್ಪೋರ್ಟ್ಸ್ ಅಂತ ನಮ್ಮಲ್ಲಿ ಈ ರೇಟಿಗೆ ಕೇಳಿಬರುವ ಹೆಸರುಗಳು ಕೆಲವು ಉಂಟು. ಹೆಸರಿನ ಬಗ್ಗೆ ಅವನು ಜಾಸ್ತಿ ಮಾತಾಡಲೇ ಇಲ್ಲ. ಒಂದೊಂದನ್ನೇ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ವಿಂಡೋಸ್‌ನ ರನ್ ಎಂಬ ಡಬ್ಬಿಯಲ್ಲಿ ಜಾಯ್ ಡಾಟ್ ಸಿಪಿಎಲ್ ಎಂದು ಟೈಪ್ ಮಾಡಿದ. ಸಣ್ಣ ಕಿಟಕಿಯೊಂದು ತೆರೆಯಿತು. ಒಂದು ಚೌಕ, ಅದರ ನಡುವೆ ಕೂಡಿಸುವ ಚಿಹ್ನೆಯಂಥ ಗುರುತು. ಸ್ಟಿಕ್ ಬಾಗಿಸಿದ ಹಾಗೆ ಗುರುತು ಓಡುತ್ತದೆ. ಬಿಟ್ಟರೆ ನಡುವಿಗೆ ಬಂದು ನಿಲ್ಲಬೇಕು. ಒಂದರಲ್ಲಿ ಅದು ನಡುವಿಗಿಂತ ಒಂದಿಷ್ಟು ಬಲಕ್ಕೇ ನಿಂತಿತು. ಹೊಸ ಪೀಸ್, ಪ್ಲಾಸ್ಟಿಕ್ ಈಗಷ್ಟೇ ಹರಿದದ್ದು. "ಇದು ಈಗಲೇ ಹೀಗೆ. ನೀವು ಸುಮ್ನೆ ಕೂತ್ರೂ ಲಾರಿ ಬಲಕ್ಕೆ ಹೋಗ್ತದೆ" ಎಂದು ಅವನೇ ಬದಿಗಿಟ್ಟ.

ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಸಾಮಾನ್ಯ ಸ್ಟಿಕ್ಕಿನ ಒಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ತುಂಡೊಂದು ಉಜ್ಜುತ್ತಾ ಇರುತ್ತದೆ. ಉಜ್ಜಿ ಉಜ್ಜಿ ಸವೆದ ಮೇಲೆ ಮುಟ್ಟದಿದ್ದರೂ ಮುಟ್ಟಿದ ಲೆಕ್ಕ ಕೊಡುತ್ತದೆ. ಈಗ ಹಾಲ್ ಎಫೆಕ್ಟ್ ಎಂದು ಬರೆದ ಸ್ಟಿಕ್ಕುಗಳು ಕಡಿಮೆ ರೇಟಿನಲ್ಲೂ ಸಿಗುತ್ತವೆ. ಎಡ್ವಿನ್ ಹಾಲ್ ಎಂಬ ಅಮೆರಿಕದವರು 1879ರಲ್ಲಿ ಕಂಡುಕೊಂಡ ತತ್ವ ಅದು. ಕಂಟ್ರೋಲರಿಗೆ ಬಂದಾಗ, ಅಯಸ್ಕಾಂತ ಎಷ್ಟು ಸರಿಯಿತು ಎಂದು ಸೆನ್ಸರ್ ಮುಟ್ಟದೆಯೇ ತಿಳಿಯುತ್ತದೆ. ಉಜ್ಜುವುದೇ ಇಲ್ಲ, ಹಾಗಾಗಿ ಆ ಸವೆತವೂ ಇಲ್ಲ. ನೂರೋ ಇನ್ನೂರೋ ಜಾಸ್ತಿ ಕೊಡುವುದಾದರೆ ಇದಕ್ಕೆ ಕೊಡಬೇಕು, ಲೈಟಿಗಲ್ಲ.

ಅದೇ ಕಿಟಕಿಯಲ್ಲಿ ಇನ್ನೊಂದು ವಿಚಿತ್ರ. ಎರಡೂ ಟ್ರಿಗರ್ ಒಟ್ಟಿಗೆ ಒತ್ತಿದರೆ ಅವುಗಳ ಒತ್ತು ತೋರಿಸುವ ಗೆರೆ ಅಲ್ಲಾಡುವುದಿಲ್ಲ. ಕೆಟ್ಟಿದೆ ಅಂತ ಹೆದರಬೇಡಿ. ಎಕ್ಸ್‌ಬಾಕ್ಸ್ ಮಾದರಿಯದ್ದಾದರೆ ಆ ಕಿಟಕಿ ಎರಡನ್ನೂ ಒಂದೇ ಗೆರೆಯಲ್ಲಿ ತೋರಿಸುತ್ತದೆ, ಒಂದು ಆಚೆ ಎಳೆದರೆ ಇನ್ನೊಂದು ಈಚೆ. ಎಕ್ಸ್‌ಬಾಕ್ಸ್ ಮಾದರಿಯೇ ಆಗಬೇಕು ಎಂಬುದೂ ನಿಜ. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗಿನ ಎಕ್ಸ್‌ಇನ್‌ಪುಟ್ ಎಂಬ, ಕಂಟ್ರೋಲರಿನ ಮಾತು ಆಟಕ್ಕೆ ಮುಟ್ಟಿಸುವ ಪದ್ಧತಿಯನ್ನೇ ವಿಂಡೋಸಿನ ಹೆಚ್ಚಿನ ಆಟಗಳು ನಂಬಿಕೊಂಡಿವೆ. ಅದಕ್ಕಿಂತ ಹಳೆಯ ಡೈರೆಕ್ಟ್‌ಇನ್‌ಪುಟ್ ಪದ್ಧತಿ ಮಾತ್ರ ಇರುವುದನ್ನು ತಂದರೆ ಯಾವ ಬಟನ್ ಯಾವುದು ಅಂತ ನೀವೇ ಒಂದೊಂದಾಗಿ ಹೇಳಿಕೊಡಬೇಕು, ಕೆಲವು ಆಟ ಆಗಲೂ ಕೇಳುವುದಿಲ್ಲ.

ವೈರ್‌ಲೆಸ್ ಬೇಕಾ ಎಂದ. ಬೇಡ ಎಂದೆ. ಲ್ಯಾಪ್‌ಟಾಪಿನಿಂದ ಒಂದು ಮೊಳ ದೂರ ಕೂರುವವಳಿಗೆ ವೈರ್‌ಲೆಸ್ ಎಂತಕ್ಕೆ? ಚಾರ್ಜ್ ಮಾಡುವ ಕೆಲಸ ಒಂದು, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಉಗುರಿನಷ್ಟು ಡಾಂಗಲ್ ಹುಡುಕುವ ಕೆಲಸ ಇನ್ನೊಂದು. ಹಿಡಿಗೆ ಮೆತ್ತನೆ ರಬ್ಬರ್ ಲೇಪ ಇದ್ದದ್ದನ್ನೂ ಬಿಟ್ಟೆ. ನಮ್ಮ ಮಳೆಗಾಲದ ತೇವಕ್ಕೆ ಅಂಥದ್ದೆಲ್ಲ ಕೆಲವು ವರ್ಷದಲ್ಲಿ ಅಂಟಂಟಾಗುತ್ತದೆ. ಮನೆಯ ಹಳೆ ಟಾರ್ಚ್ ಒಂದಕ್ಕೆ ಹಾಗೆ ಆಗಿ ಅದನ್ನು ಮುಟ್ಟುವವರಿಲ್ಲ. ಒರಟು ಪ್ಲಾಸ್ಟಿಕ್ಕಿನ, ವಯರಿರುವ, ಲೈಟಿಲ್ಲದ, ಹಾಲ್ ಸ್ಟಿಕ್ಕಿನ ಒಂದನ್ನು ಹಿಡಿದುಕೊಂಡು ಬಸ್ಸು ಹತ್ತಿದೆ. ದುಡ್ಡಿನಲ್ಲಿ ಸ್ವಲ್ಪ ಉಳಿಯಿತು ಕೂಡ.

ಬಸ್ಸಿನಲ್ಲಿ ಮತ್ತೆ ಅದೇ. ಮಗನಿಗಾ ಅಕ್ಕ? ನಮ್ಮವರು ಐವತ್ತು ದಾಟಿದ ಮೇಲೆ ಶಟಲ್ ಬ್ಯಾಟು ತಂದರು. ಅಂಗಡಿಯವರು ಮಗಳಿಗಾ ಅಂತ ಕೇಳಿದ್ದಾರಾ? ಇಲ್ಲ. ನಾನು ಕುಕ್ಕರ್ ತೆಗೆದುಕೊಂಡರೆ ಯಾರಿಗೆ ಅಂತ ಯಾರೂ ಕೇಳುವುದಿಲ್ಲ. ಸೀರೆಗೂ ಕೇಳುವುದಿಲ್ಲ. ಟಿವಿಯಲ್ಲಿ ಧಾರಾವಾಹಿ ನೋಡುತ್ತಾ ಕೂತರೆ ಅದಕ್ಕೂ ಮಾಫಿ ಉಂಟು. ಆಡಲಿಕ್ಕೆ ಅಂತಲೇ, ಬೇರೆ ಯಾವ ಉಪಯೋಗಕ್ಕೂ ಬಾರದ ವಸ್ತುವನ್ನು ಹೆಂಗಸು ದುಡ್ಡು ಕೊಟ್ಟು ತಂದರೆ ಮಾತ್ರ ಜನಕ್ಕೆ ಒಬ್ಬ ಮಗ ಬೇಕು ನಡುವೆ.

ನನ್ನ ಅಮ್ಮ ಚೆನ್ನೆಮಣೆ ಆಡುತ್ತಿದ್ದರು. ಹದಿನಾಲ್ಕು ಗುಳಿಯ ಆ ಹಲಗೆ ನಮ್ಮ ಮನೆಯಲ್ಲಿ ಅಟ್ಟದಿಂದ ಇಳಿಯುತ್ತಿದ್ದದ್ದು ಆಟಿ ತಿಂಗಳಿಗೆ ಮಾತ್ರ. ಹೊರಗೆ ಜಡಿಮಳೆ, ತೋಟದಲ್ಲಿ ಕೆಲಸ ಇಲ್ಲ, ಹಾಗಾಗಿ ಹೆಂಗಸರು ಆಡಬಹುದು. ಮುಂದಿನ ತಿಂಗಳು ಸೋಣ ಬಂತೆಂದರೆ ಹಲಗೆ ಮೇಲೆ. ಅಮ್ಮ ಎದುರಾಳಿಯ ಗುಳಿಯ ಕಾಯಿಯನ್ನು ಕಣ್ಣಲ್ಲೇ ಎಣಿಸುವಷ್ಟು ಚುರುಕು. ಅಷ್ಟು ಬರುವವರಿಗೆ ವರ್ಷಕ್ಕೆ ಒಂದು ತಿಂಗಳು ಸಾಲುತ್ತಿತ್ತಾ ಅಂತ ನಾನು ಕೇಳಲಿಲ್ಲ, ಬೇರೆ ಯಾರೂ ಕೇಳಿರಲಿಕ್ಕಿಲ್ಲ. ಅಪ್ಪ ಮತ್ತು ದೊಡ್ಡಪ್ಪ ಇಸ್ಪೀಟಿಗೆ ಯಾವ ತಿಂಗಳನ್ನೂ ನೋಡುತ್ತಿರಲಿಲ್ಲ.

ರಾತ್ರಿ ಹ್ಯಾಂಬರ್ಗಿನಿಂದ ಬರ್ಲಿನ್ನಿಗೆ ಲೋಡು ಹಿಡಿದೆ. ಲಾರಿ ಮೊದಲ ಸಲ ನೆಟ್ಟಗೆ ಹೋಯಿತು. ತಿರುವಿನಲ್ಲಿ ಹೆಬ್ಬೆರಳು ಒಂಚೂರು ಬಾಗಿಸಿ ಹಿಡಿದರೆ ಹಿಂದಿನ ಟ್ರೇಲರ್ ಗೆರೆ ತುಳಿಯದೆ ಬರುತ್ತದೆ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಅದೊಂದು ಕೈಗೆ ಹತ್ತಲು ಸಮಯ ಬೇಕು. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಹಿಂದೆ ಬಂದು ಕೂತರು. ಇದು ಮಗನಿಗಾ ಮಗಳಿಗಾ ಅಂತ ಅವರು ಕೇಳಲಿಲ್ಲ.

"ಇಷ್ಟು ಬೇಗ ಮುಟ್ಟಿತಾ?" ಎಂದರು. ಹತ್ತೊಂಬತ್ತು ಕಿಲೋಮೀಟರನ್ನು ಒಂದು ಮಾಡಿ ಕುಗ್ಗಿಸಿದ್ದಾರೆ ಅತ್ತೆ ಎಂದೆ.

"ಬಾಡಿಗೆ ಎಷ್ಟು?" ಯೂರೋವನ್ನು ರೂಪಾಯಿ ಮಾಡಿ ಹೇಳಿದೆ. ಸ್ಪೀಡಿಗೆ ಬಿದ್ದ ಫೈನನ್ನೂ ಕಳೆದೇ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು.

"ನಮ್ಮ ಅಡಿಕೆ ಕೊಂಡೋಗುವ ಜೀಪಿನವನ ಎದುರು ಇದೆಲ್ಲ ಹೇಳ್ಲಿಕ್ಕೆ ಹೋಗ್ಬೇಡ. ಅವ ಈಗಲೇ ಜಾಸ್ತಿ ಕೇಳ್ತಾನೆ."