ಎಂಜಿಬಿಯಲ್ಲಿ ಬದಲಿಸಿದ್ದು, ಉಳಿಸಿಕೊಂಡಿದ್ದು

1965ರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ನನ್ನ ಎಂಜಿಬಿ ರೋಡ್‌ಸ್ಟರ್ ಎಂಬ ತೆರೆದ ಸ್ಪೋರ್ಟ್ಸ್ ಕಾರಿನ ಪುನರುಜ್ಜೀವನ ಕೆಲಸ ಮುಗಿದಿದೆ. ಹಳೆಯ ಕಾರಿನ ಒಂದು ಬೋಲ್ಟ್ ಕೂಡ ಬದಲಾಗಬಾರದು ಎನ್ನುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ರಸ್ತೆಗಿಳಿದು ಓಡಬೇಕಾದ ಕಾರಿಗೆ ಕೆಲವು ಸುಧಾರಣೆಗಳು ಬೇಕೇ ಬೇಕು, ಅವು ಅದರ ಸ್ವಭಾವವನ್ನು ಮಾತ್ರ ಕೆಡಿಸಬಾರದು.

ಇದಕ್ಕೂ ಮೊದಲಿನ ಎಂಜಿಎ ಕಾರಿಗಿದ್ದಂತೆ ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ಬಾಗಿಲ ಕೆಳಗಿನ ಸಿಲ್‌ಗಳಿಗೆ ಒಳಗಿನಿಂದ ತುಕ್ಕು ಹಿಡಿದರೆ ಕಾರು ನಡುವೆ ಕುಸಿಯತೊಡಗುತ್ತದೆ. ಹೊರಗಿನ ತಗಡಿಗೆ ತೇಪೆ ಹಚ್ಚಿ ಬಣ್ಣ ಬಳಿಯುವುದನ್ನು ನಾನು ದುರಸ್ತಿಯೆಂದು ಒಪ್ಪುವುದಿಲ್ಲ. ಬಾಡಿಗೆ ಆಸರೆ ಕೊಟ್ಟು, ಬಾಗಿಲನ್ನು ಕೂರಿಸಿ, ಅದರ ಸುತ್ತಲಿನ ಸಂದಿ ಸಮನಾಗಿದೆಯೇ ಎಂದು ನೋಡುತ್ತಲೇ ಹೊಸ ಸಿಲ್ ವೆಲ್ಡ್ ಮಾಡಬೇಕು.

1798 ಸಿಸಿ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ಗೆ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡಕ್ಕೆ) 1964ರ ಕೊನೆಯಿಂದ ಮೂರರ ಬದಲು ಐದು ಮುಖ್ಯ ಬೇರಿಂಗ್‌ಗಳು ಬಂದವು; ನನ್ನದು ಆ ಗಟ್ಟಿ ಎಂಜಿನ್. ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳು ಕೂರುವ ಸೀಟು ಸವೆಯದಂತೆ ಗಡಸು ಲೋಹದ ಸೀಟುಗಳನ್ನು ಹಾಕಿಸಿದೆ. ವಿದ್ಯುತ್ ಉತ್ಪಾದಿಸಲು ಡೈನಮೋ ಬದಲು ಆಲ್ಟರ್ನೇಟರ್ ಬಂತು, ಅದಕ್ಕಾಗಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸುವ ಕ್ರಮ) ಅನ್ನು ನೆಗೆಟಿವ್‌ಗೆ ತಿರುಗಿಸಬೇಕಾಯಿತು. ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದೊಳಗೆ ಕಾಂಟ್ಯಾಕ್ಟ್ ಪಾಯಿಂಟ್‌ಗಳಿದ್ದ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ಸೆನ್ಸರ್ ಇದೆ; ಹೊರನೋಟಕ್ಕೆ ಏನೂ ಬದಲಾಗಿಲ್ಲ.

ಗಾಳಿಗೆ ಪೆಟ್ರೋಲ್ ಬೆರೆಸುವ ಅವಳಿ ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ತೆಗೆದು ವೆಬರ್ ಕಂಪನಿಯ ಒಂದೇ ಕಾರ್ಬ್ಯುರೇಟರ್ ಕೂರಿಸುವವರಿದ್ದಾರೆ. ನನಗದು ಒಪ್ಪಿಗೆಯಾಗಲಿಲ್ಲ. ಎಂಜಿನ್ ಗಾಳಿ ಎಳೆದಂತೆಲ್ಲ ಎಸ್‌ಯು ಒಳಗಿನ ಪಿಸ್ಟನ್ ಮೇಲೇಳುತ್ತದೆ, ಅದರೊಂದಿಗೆ ತುದಿಯತ್ತ ಸಪೂರವಾಗುವ ಸೂಜಿಯೂ ಜೆಟ್ ಎಂಬ ಪೆಟ್ರೋಲ್ ರಂಧ್ರದಿಂದ ಮೇಲೆದ್ದು ಅಗತ್ಯವಿದ್ದಷ್ಟೇ ಪೆಟ್ರೋಲ್‌ಗೆ ದಾರಿ ಬಿಡುತ್ತದೆ. ಇಷ್ಟು ಸರಳ, ಇಷ್ಟು ಜಾಣ ವ್ಯವಸ್ಥೆ ಅಪರೂಪ. ಐಡ್ಲಿಂಗ್‌ನಲ್ಲಿ ಎಂಜಿನ್ ತಡವರಿಸಿದರೆ ಬಹಳ ಸಲ ತಪ್ಪು ಸೂಜಿಯದಲ್ಲ, ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಯ ಸವೆದ ದಂಡದ, ಅಂದರೆ ಥ್ರಾಟಲ್ ಸ್ಪಿಂಡಲ್‌ನ, ಪಕ್ಕದಿಂದ ನುಸುಳುವ ಗಾಳಿಯದು. ಹೊಸ ಸ್ಪಿಂಡಲ್ ಮತ್ತು ಬುಷ್ ಹಾಕಿ, ಎರಡೂ ಕಾರ್ಬ್ಯುರೇಟರ್‌ಗಳು ಎಳೆಯುವ ಗಾಳಿಯನ್ನು ಸರಿಹೊಂದಿಸಿದ ಮೇಲೆ ಎಂಜಿನ್‌ನ ದನಿಯೇ ಬದಲಾಯಿತು.

ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್, ಅಂದರೆ ಓವರ್‌ಡ್ರೈವ್, ಸರಿಯಾಗಿರುವುದರಿಂದ ಐದು ಗೇರಿನ ಪೆಟ್ಟಿಗೆ ಬೇಕೆನಿಸಲಿಲ್ಲ. ಹಿಂಭಾಗದಲ್ಲಿ ಕುಲುಕಾಟ ತಗ್ಗಿಸುವ, ತೋಳಿನ ಮಾದರಿಯ ಲೀವರ್ ಡ್ಯಾಂಪರ್‌ಗಳ ಜಾಗಕ್ಕೆ ಟೆಲಿಸ್ಕೋಪಿಕ್ ಡ್ಯಾಂಪರ್‌ಗಳು ಬಂದಿವೆ. ಮುಂಭಾಗದಲ್ಲಿ ಡ್ಯಾಂಪರ್‌ನ ತೋಳೇ ಸಸ್ಪೆನ್ಷನ್‌ನ ಮೇಲಿನ ವಿಶ್‌ಬೋನ್ (ಚಕ್ರವನ್ನು ಹಿಡಿದಿಡುವ ತೋಳು) ಕೂಡ ಆಗಿರುವುದರಿಂದ ಅಲ್ಲಿ ಮೂಲದ್ದನ್ನೇ ರೀಕಂಡಿಷನ್ ಮಾಡಿಸಿ ಉಳಿಸಿಕೊಂಡಿದ್ದೇನೆ.