ಎದೆಹಾಲು ಬಿಡಿಸಿದ ಮೇಲೂ ಹಾಲು ಬರುತ್ತಿದೆಯಾ?

ಮಗಳಿಗೆ ಹಾಲು ಬಿಡಿಸಿ ತಿಂಗಳುಗಳೇ ಕಳೆದವು. ಆದರೂ ಸ್ನಾನ ಮಾಡುವಾಗ ಸ್ವಲ್ಪ ಒತ್ತಿದರೆ ತೊಟ್ಟಿನ ತುದಿಯಲ್ಲಿ ಒಂದು ಬಿಳಿ ಹನಿ. ಇದು ತುಂಬಾ ಜನಕ್ಕೆ ಆಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ. ಬಿಡಿಸಿದ ತಕ್ಷಣ ಹಾಲು ಪೂರ್ತಿ ನಿಲ್ಲುವುದಿಲ್ಲ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹನಿ ಹನಿ ಉಳಿಯುತ್ತದೆ, ಅದರಲ್ಲೂ 'ಇನ್ನೂ ಇದೆಯಾ' ಅಂತ ದಿನಾ ಹಿಂಡಿ ನೋಡುತ್ತಿದ್ದರೆ ದೇಹ ಇನ್ನೂ ಬೇಕು ಅಂದುಕೊಳ್ಳುತ್ತದೆ. ಸುಮ್ನೆ ಬಿಟ್ಟುಬಿಡಿ.

ಅಮ್ಮನದು ಒಂದೇ ಹಠ: "ಮಲ್ಲಿಗೆ ಕಟ್ಕೊಳೇ, ಬತ್ತಿಹೋಗುತ್ತೆ." ನಗಬೇಡಿ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಗಷ್ಟೇ ಹೆತ್ತವರ ಎದೆಗೆ ಮಲ್ಲಿಗೆ ಕಟ್ಟಿದಾಗ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ನಿಜಕ್ಕೂ ಇಳಿದಿತ್ತು. ವಾಸನೆಗಾದರೂ ಕಟ್ಟಿಕೊಳ್ಳಬಹುದು, ಅಲ್ವಾ?

ಆದರೆ ಆರು ತಿಂಗಳು ದಾಟಿದರೂ ತಾನಾಗೇ ಸೋರುತ್ತಿದ್ದರೆ, ಮುಟ್ಟು ಏರುಪೇರಾದರೆ, ಜೊತೆಗೆ ತಲೆನೋವು, ಕಣ್ಣು ಮಂಜು ಇದ್ದರೆ ಡಾಕ್ಟರ ಹತ್ತಿರ ಹೋಗಿ. ಸಾಮಾನ್ಯವಾಗಿ ಪ್ರೊಲ್ಯಾಕ್ಟಿನ್, ಥೈರಾಯ್ಡ್ ರಕ್ತಪರೀಕ್ಷೆ ಬರೆಯುತ್ತಾರೆ. ರಕ್ತ ಬಂದರೆ, ಗಂಟು ಸಿಕ್ಕರೆ ಕಾಯಲೇಬೇಡಿ. ನುಂಗುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಗ್ಯಾಸಿಗೆ, ವಾಂತಿಗೆ ಅಂತ ತಿನ್ನುವ ಡಾಂಪೆರಿಡೋನ್ ಕೂಡ ಹಾಲು ಜಾಸ್ತಿ ಮಾಡುತ್ತದೆ.