ಮಳೆಗಾಲದ ತೋಟದಲ್ಲಿ ಎರಡು ವಾಟ್-ಅವರ್ ಲೆಕ್ಕ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಅಡಿಕೆ ತೋಟಕ್ಕೆ ಮಂಗಗಳ ಕಾಟ ಹೊಸದಲ್ಲ. ಎಳೆ ಅಡಿಕೆಯನ್ನು ಕಿತ್ತು, ಕಚ್ಚಿ, ರಸ ಹೀರಿ ಬಿಸಾಡುತ್ತವೆ. ಬಾಳೆಗೊನೆಯನ್ನು ಬಲಿಯಲು ಬಿಡುವುದಿಲ್ಲ. ತೋಟವು ಮನೆಯಿಂದ ಕೆಳಗೆ ಕಣಿವೆಯಲ್ಲಿರುವುದರಿಂದ ಹಿಂಡು ಬಂದಿರುವುದು ನಮಗೆ ತಿಳಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಮಂಗಗಳನ್ನು ಕ್ಯಾಮೆರಾದಲ್ಲಿ ಗುರುತಿಸಿ ಮನೆಯಲ್ಲಿ ಗಂಟೆ ಬಾರಿಸುವ ಒಂದು ಪುಟ್ಟ ಕಂಪ್ಯೂಟರನ್ನು ತೋಟದಲ್ಲೇ ಇಡಬೇಕೆಂದು ಎರಡು ವರ್ಷಗಳ ಹಿಂದೆ ಹೊರಟೆ. ಚಿತ್ರಗಳನ್ನು ಇಂಟರ್‌ನೆಟ್ ಮೂಲಕ ದೂರದ ಸರ್ವರಿಗೆ ಕಳುಹಿಸುವ ಮಾತೇ ಇರಲಿಲ್ಲ, ಏಕೆಂದರೆ ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಯೋಚನೆಯೆಲ್ಲ ಅಲ್ಲಿಯೇ, ಆ ಡಬ್ಬಿಯೊಳಗೆ ನಡೆಯಬೇಕಿತ್ತು.

ಮೊದಲು ತಂದದ್ದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಮನೆಯ ಮೇಜಿನ ಮೇಲೆ ಅದು ಸೊಗಸಾಗಿ ಕೆಲಸ ಮಾಡಿತು. ತೋಟಕ್ಕೆ ಇಳಿಸಿದ ಮೇಲೆ ತಿಳಿದದ್ದೇನೆಂದರೆ, ಕ್ಯಾಮೆರಾ ಸಹಿತ ಸುಮಾರು 5 ವಾಟ್ ಬೇಡುವ ಯಂತ್ರಕ್ಕೆ ದಿನದ 24 ಗಂಟೆಗೆ 120 ವಾಟ್-ಅವರ್ ಬೇಕು; ನಾನು ಇಟ್ಟಿದ್ದ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿಯಲ್ಲಿ ಇರುವುದೇ 84, ಲೆಡ್-ಆ್ಯಸಿಡ್ ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಎಂಟು ಗಂಟೆಯಲ್ಲಿ ಬ್ಯಾಟರಿ ಬರಿದು. ಬೇಸಿಗೆಯಲ್ಲಿ ದೊಡ್ಡ ಸೋಲಾರ್ ಪ್ಯಾನಲ್ ಹಾಕಿ ತೂಗಿಸಬಹುದಿತ್ತೇನೋ. ಆದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ, ಆರಿದ್ರಾ ಹಿಡಿದರೆ ಪುಷ್ಯ ಮುಗಿಯುವವರೆಗೆ ಬಿಸಿಲನ್ನು ನಂಬಿ ಏನನ್ನೂ ಮಾಡುವ ಹಾಗಿಲ್ಲ.

ಇನ್ನೊಂದು ತಪ್ಪು ನನ್ನದೇ. ತೋಟದೊಳಗೆ ನೆರಳಿರುವುದರಿಂದ ಪ್ಯಾನಲ್ ಮತ್ತು ಬ್ಯಾಟರಿಯನ್ನು ದರೆಯ ಮೇಲಿಟ್ಟು, ಅಲ್ಲಿಯೇ 5 ವೋಲ್ಟಿಗೆ ಇಳಿಸಿ, 20 ಮೀಟರ್ ವೈರ್ ಎಳೆದಿದ್ದೆ. ಹೋಗಿಬರುವ 40 ಮೀಟರ್ ತಾಮ್ರ, ಮುಕ್ಕಾಲು ಚದರ ಮಿಲಿಮೀಟರ್ ದಪ್ಪ. ಅದರ ರೋಧವೇ ಸುಮಾರು 0.9 ಓಮ್. ಮುಕ್ಕಾಲು ಆಂಪ್ ಹರಿದರೆ ದಾರಿಯಲ್ಲೇ ಮುಕ್ಕಾಲು ವೋಲ್ಟಿನ ಹತ್ತಿರ ಕರಗುತ್ತದೆ, 4.63 ವೋಲ್ಟಿಗಿಂತ ಕೆಳಗಿಳಿದರೆ ಪೈ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಚಿತ್ರ ಗುರುತಿಸುವುದು ಏಕೆ ನಿಧಾನವಾಯಿತೆಂದು ವಾರಗಟ್ಟಲೆ ಪ್ರೋಗ್ರಾಮಿನಲ್ಲಿ ಹುಡುಕಿದೆ, ಕಾರಣ ವೈರಿನಲ್ಲಿತ್ತು. ಬ್ಯಾಟರಿ ಏಕಾಏಕಿ ಕೈಕೊಟ್ಟಾಗಲೆಲ್ಲ ಮೆಮೊರಿ ಕಾರ್ಡಿನ ಫೈಲುಗಳೂ ಹಾಳಾಗುತ್ತಿದ್ದವು.

ಆಗ ಬೇರೆ ಬೋರ್ಡುಗಳನ್ನು ಹುಡುಕತೊಡಗಿದೆ. ಈ ಪೇಟೆಯಲ್ಲಿ ಎಲ್ಲರೂ ಹೇಳುವುದು ಟಾಪ್ಸ್ ಎಂಬ ಅಳತೆಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕಗಳು ಎಂಬುದನ್ನು. 2019ರಲ್ಲಿ 99 ಡಾಲರಿಗೆ ಬಂದ ಎನ್‌ವಿಡಿಯಾ ಜೆಟ್ಸನ್ ನ್ಯಾನೋ 5 ಅಥವಾ 10 ವಾಟಿನಲ್ಲಿ ಓಡುತ್ತಿತ್ತು. 2024ರ ಡಿಸೆಂಬರಿನಲ್ಲಿ 249 ಡಾಲರಿಗೆ ಬಂದ ಜೆಟ್ಸನ್ ಓರಿನ್ ನ್ಯಾನೋ ಸೂಪರ್ 67 ಟಾಪ್ಸ್ ಕೊಡುತ್ತದೆ, ಆದರೆ 7ರಿಂದ 25 ವಾಟ್ ಕೇಳುತ್ತದೆ. ಗೂಗಲ್‌ನ ಕೋರಲ್ ಚಿಪ್ 2 ವಾಟಿನಲ್ಲಿ 4 ಟಾಪ್ಸ್ ಮಾಡುತ್ತದೆ. ಕರೆಂಟಿರುವ ಕಡೆ, ಉದಾಹರಣೆಗೆ ಅಡಿಕೆ ವಿಂಗಡಿಸುವ ಬೆಲ್ಟಿನ ಪಕ್ಕದಲ್ಲಿ, ಇವು ಬಹಳ ಒಳ್ಳೆಯ ಯಂತ್ರಗಳು. ನನ್ನ ತೋಟಕ್ಕೆ ಬೇಕಾದದ್ದು ಮಾತ್ರ ವೇಗವಲ್ಲ, ನಿದ್ದೆ. ಮಂಗಗಳು ಬರುವುದು ಹಗಲಿನಲ್ಲಿ, ಅದೂ ದಿನಕ್ಕೆ ಒಂದೆರಡು ಸಲ. ಉಳಿದ ಹೊತ್ತಿನಲ್ಲೆಲ್ಲ ಯಂತ್ರವು ಸುಮ್ಮನೆ ಮಲಗಿರಬೇಕು. ಮಲಗಿದಾಗ ಎಷ್ಟು ಉಣ್ಣುತ್ತದೆ ಎಂಬುದನ್ನು ಕೇಳದೆ ಬೋರ್ಡ್ ಕೊಳ್ಳಬಾರದೆಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಈಗಿನ ಡಬ್ಬಿಯಲ್ಲಿ ಮೊದಲ ಕಾವಲು ಇಎಸ್‌ಪಿ32-ಎಸ್3 ಎಂಬ ಚಿಪ್ಪಿನದು. ಅದರೊಳಗೆ 512 ಕಿಲೋಬೈಟ್ ಮೆಮೊರಿ ಮಾತ್ರ ಇದೆ, ನಮ್ಮ ಫೋನಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಬಿಸಿಮೈಯ ಪ್ರಾಣಿ ಚಲಿಸಿದರೆ ಪಿಐಆರ್ ಸೆನ್ಸರ್ ಅದನ್ನು ಎಬ್ಬಿಸುತ್ತದೆ. ಅದು ಎದ್ದು, ಅಂಗೈಯಷ್ಟೂ ಇಲ್ಲದ 96 × 96 ಚುಕ್ಕೆಗಳ ಕಪ್ಪು-ಬಿಳುಪು ಚಿತ್ರವೊಂದನ್ನು ತೆಗೆದು, ಮಂಗವೋ ಅಲ್ಲವೋ ಎಂದು ನೋಡಿ ಮತ್ತೆ ಮಲಗುತ್ತದೆ. 2017ರಲ್ಲಿ ಗೂಗಲ್ ಹೊರತಂದ ಮೊಬೈಲ್‌ನೆಟ್‌ ಎಂಬ, ಚಿತ್ರಗಳಿಂದ ಕಲಿತು ಗುರುತಿಸುವ ಮಾದರಿಯ ತೀರ ಚಿಕ್ಕ ರೂಪವನ್ನು ಇದಕ್ಕೆ ಬಳಸಿದ್ದೇನೆ.

ಇಷ್ಟು ಕಡಿಮೆ ಜಾಗದಲ್ಲಿ ಮಾದರಿಯು ಕೂರುವುದು ಹೇಗೆಂದು ಅಪ್ಪಯ್ಯ ಕೇಳಿದಾಗ ನಮ್ಮ ಅಂಗಳವನ್ನೇ ತೋರಿಸಿ ಹೇಳಿದೆ. ಅಡಿಕೆ ಆರಿಸುವವರು ಒಂದೊಂದು ಅಡಿಕೆಯನ್ನೂ ತಕ್ಕಡಿಗೆ ಹಾಕಿ ಮಿಲಿಗ್ರಾಂ ನೋಡುವುದಿಲ್ಲ. ಬೆರಳಿಗೆ ಸಿಕ್ಕೊಡನೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ನೋಡಿ ಆಯಾ ಗುಡ್ಡೆಗೆ ಎಸೆಯುತ್ತಾರೆ, ಮಂಡಿಯ ವ್ಯಾಪಾರಕ್ಕೆ ಅಷ್ಟು ನಿಖರತೆ ಸಾಕು. ಮಾದರಿಯೊಳಗಿನ ಸಂಖ್ಯೆಗಳೂ ಹಾಗೆಯೇ. ತರಬೇತಿಯ ಹೊತ್ತಿನಲ್ಲಿ ಪ್ರತಿಯೊಂದೂ 32 ಬಿಟ್‌ಗಳ ದಶಾಂಶ ಸಂಖ್ಯೆಯಾಗಿರುತ್ತದೆ. ಕೊನೆಯಲ್ಲಿ ಅವನ್ನು 256 ಮೆಟ್ಟಿಲುಗಳಲ್ಲಿ ಹತ್ತಿರದ ಮೆಟ್ಟಿಲಿಗೆ ಕೂರಿಸಿ 8 ಬಿಟ್‌ಗೆ ಇಳಿಸಿದರೆ ಗಾತ್ರ ನಾಲ್ಕನೇ ಒಂದು ಪಾಲಾಗುತ್ತದೆ, ಪೂರ್ಣಾಂಕಗಳ ಗುಣಾಕಾರವಾದ್ದರಿಂದ ವಿದ್ಯುತ್ತೂ ಉಳಿಯುತ್ತದೆ. ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಬೆಟ್ಟೆಗೂ ರಾಶಿಗೂ ನಡುವಿನ ಅಡಿಕೆ ಸಿಕ್ಕಿದ್ರೆ ಅದು ಎಂತ ಮಾಡ್ತದೆ?" ಎಂದರು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ.

ಅನುಮಾನ ಬಂದಾಗ ಏನು ಮಾಡಬೇಕೆಂಬುದೇ ಇಡೀ ಕೆಲಸದ ಕಷ್ಟದ ಭಾಗ. ಬೇರೆಯವರ ಚಿತ್ರಗಳಿಂದ ಕಲಿತ ನನ್ನ ಮೊದಲ ಮಾದರಿಯು ಒಣಗಿ ಜೋತುಬಿದ್ದ ಅಡಿಕೆ ಹಾಳೆಯನ್ನು ಕಂಡರೆ ಮಂಗವೆಂದು ಗಂಟೆ ಬಾರಿಸುತ್ತಿತ್ತು. ಬಾಗಿದ ಬೆನ್ನಿನಂಥ ಆಕಾರ, ಗಾಳಿಗೆ ಅಲುಗಾಟ, ತಪ್ಪೆನ್ನಲು ನನಗೂ ಮನಸ್ಸಾಗಲಿಲ್ಲ. ಎರಡು ತಿಂಗಳು ನಮ್ಮ ತೋಟದ್ದೇ ಚಿತ್ರಗಳನ್ನು ಕೂಡಿಸಿ, ಹಾಳೆ, ಸೋಗೆ, ನಾಯಿ, ಅಡಿಕೆಗೊನೆಗೆ ಕೊಟ್ಟೆ ಕಟ್ಟಲು ಬಂದವರು, ಮಂಗ, ಮುಸುವ ಎಂದು ಕೈಯಾರೆ ಬೇರ್ಪಡಿಸಿ ಮತ್ತೆ ಕಲಿಸಿದ ಮೇಲೆ ಆ ತಪ್ಪು ಬಹಳ ಕಡಿಮೆಯಾಯಿತು. ಈಗಲೂ ಚಿಪ್ಪಿಗೆ ಖಾತ್ರಿಯಿದ್ದರೆ ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸುದ್ದಿ ಮುಟ್ಟಿಸುವ ಲೋರಾ ರೇಡಿಯೋದ ಮೂಲಕ, ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್‌ನಲ್ಲಿ, ನಾಲ್ಕಾರು ಬೈಟ್‌ಗಳ ಸುದ್ದಿ ನೇರವಾಗಿ ಮನೆಗೆ ಹೋಗುತ್ತದೆ. ಅನುಮಾನವಿದ್ದರೆ ಮಾತ್ರ ಅದು ಪಕ್ಕದಲ್ಲಿರುವ ಪೈ ಝೀರೋ 2 ಡಬ್ಲ್ಯೂ ಎಂಬ ಚಿಕ್ಕ ಪೈಯನ್ನು ಎಬ್ಬಿಸುತ್ತದೆ. ಪೈ ಏಳಲು ಅರ್ಧ ನಿಮಿಷ ಬೇಕು, ಆದರೆ ದೊಡ್ಡ ಚಿತ್ರವನ್ನು ದೊಡ್ಡ ಮಾದರಿಯಿಂದ ನೋಡಿ ತೀರ್ಮಾನ ಹೇಳಿ, ತಾನೇ ಕ್ರಮವಾಗಿ ಆರಿಕೊಳ್ಳುತ್ತದೆ. ಕಾರ್ಡನ್ನು ಓದಲು ಮಾತ್ರ ಬರುವಂತೆ ಮಾಡಿರುವುದರಿಂದ ಫೈಲ್ ಹಾಳಾಗುವ ತೊಂದರೆ ನಿಂತಿದೆ.

ಲೆಕ್ಕ ಹೀಗಿದೆ: ಚಿಪ್ ದಿನಕ್ಕೆ 300 ಸಲ ಐದೈದು ಸೆಕೆಂಡ್ ಎದ್ದರೂ, ಮಲಗಿದ್ದಾಗಿನ ಖರ್ಚು ಸೇರಿ ಸುಮಾರು ಒಂದು ವಾಟ್-ಅವರ್, ಪೈ 20 ಸಲ ಒಂದೊಂದು ನಿಮಿಷ ಎದ್ದರೆ ಮುಕ್ಕಾಲು. ಒಟ್ಟು ಎರಡರೊಳಗೆ. ಎರಡು 18650 ಲಿಥಿಯಂ ಸೆಲ್ಲುಗಳಲ್ಲಿ 18 ವಾಟ್-ಅವರ್ ಇರುವುದರಿಂದ ಒಂಬತ್ತು ದಿನ ಬಿಸಿಲೇ ಇಲ್ಲದಿದ್ದರೂ ನಡೆಯುತ್ತದೆ. ದರೆಯ ಮೇಲಿನ ಪ್ಯಾನಲ್ ಈಗ 5 ವಾಟಿನದು. ವೈರಿನಲ್ಲಿ 12 ವೋಲ್ಟ್ ಹರಿಸಿ, ಡಬ್ಬಿಯ ಬಳಿ ಇಳಿಸುತ್ತೇನೆ.

ತೇವದ ವಿಷಯ ಬಗೆಹರಿದಿಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹದಿನೈದು ದಿನಕ್ಕೊಮ್ಮೆ ಒಲೆಯ ಬದಿಯಲ್ಲಿ ಒಣಗಿಸಿ ಹಾಕುತ್ತೇನೆ, ಆದರೂ ಬೆಳಗಿನ ಹೊತ್ತು ಗಾಜಿನ ಒಳಮೈಯಲ್ಲಿ ಮಂಜು ಕೂರುತ್ತದೆ. ಕಳೆದ ತಿಂಗಳು ಮುಚ್ಚಳ ತೆಗೆದಾಗ ಪೈಯ ಬೆಚ್ಚಗಿನ ಬದಿಗೆ ಇರುವೆಗಳು ಮೊಟ್ಟೆಗಳನ್ನು ಸಾಲಾಗಿ ತಂದಿಟ್ಟಿದ್ದವು. ಕೇಬಲ್ ಒಳಬರುವ ತೂತಿಗೆ ಮೇಣ ಮೆತ್ತಿ ನೋಡುತ್ತಿದ್ದೇನೆ.

ಪುನರ್ವಸು ಮಳೆ ಹೊಡೆಯುತ್ತಿದ್ದ ಏಳನೇ ದಿನ ಮಧ್ಯಾಹ್ನ, ಸೆಲ್ಲುಗಳು 3.6 ವೋಲ್ಟಿಗೆ ಇಳಿದಿದ್ದಾಗ, ಪಡಸಾಲೆಯ ಗಂಟೆ ಬಾರಿಸಿತು. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು, ನಾಯಿಯನ್ನು ಕರೆದುಕೊಂಡು ತೋಟಕ್ಕೆ ಇಳಿದರು. ಬಾಳೆಯ ಸಾಲಿನ ಹತ್ತಿರ ಹಿಂಡು ಇನ್ನೂ ಮರದ ಮೇಲೆಯೇ ಇತ್ತು.